ಹಿತ್ತಲಕ್ಕೆ ಇಳಿದ ಚಂದಪ್ಪ, ಕಿರಣೋತ್ಸವದ ಲೆಕ್ಕವೂ ಅಲ್ಲೇ

ಬಿದ್ರಿ (ಕೊಲ್ಹಾಪುರ): ಕಬ್ಬಿನ ಹಂಗಾಮು ಶುರುವಾಯಿತೆಂದರೆ ಬಿದ್ರಿಯಲ್ಲಿ ರಾತ್ರಿ ನಿದ್ದೆ ಕಡಿಮೆ. ಸಕ್ಕರೆ ಕಾರ್ಖಾನೆ ಕಡೆ ಹೊರಟ ಟ್ರ್ಯಾಕ್ಟರ್‌ಗಳ ಸಾಲು, ಎತ್ತಿನ ಕೊರಳ ಗೆಜ್ಜೆ ಸದ್ದು. ಈ ಗದ್ದಲದ ನಡುವೆಯೇ ಇಲ್ಲಿನ ಕನ್ನಡ ಕುಟುಂಬವೊಂದು ಊಟ ಮುಗಿಸಿ ಹಿತ್ತಲಕ್ಕೆ ಬಂದು ನಿಲ್ಲುತ್ತದೆ. ದನದ ಕೊಟ್ಟಿಗೆ ಪಕ್ಕ ಮುಕ್ಕಾಲಿ ಮೇಲೆ ಪುಟ್ಟ ದುರ್ಬೀನು. ಮೊದಲ ಸರದಿ ಅಜ್ಜಿಯದು.

ಮರಾಠಿ ಶಾಲೆಗೆ ಹೋಗುವ ಮೊಮ್ಮಗ, 'ಅಜ್ಜಿ, ಚಂದ್ರನ ಮ್ಯಾಲಿನ ವಿವರ ಕಾಣ್ತಾವೇನು?' ಎಂದು ಕೇಳಿದ. 'ಎಂಥಾ ವಿವರೋ ತಮ್ಮಾ? ನನಗ ಬರೇ ತೆಗ್ಗು ಕಾಣ್ತಾವು' ಎಂದರು ಅಜ್ಜಿ. ಎಲ್ಲರೂ ನಕ್ಕರು. ಮರಾಠಿಯ 'ವಿವರ' ಎಂದರೂ ಅದೇ ತೆಗ್ಗು. ಗುರು, ಶನಿ, ಮಂಗಳಕ್ಕೆ ಈ ತೊಂದರೆ ಇಲ್ಲ, ಎರಡೂ ಭಾಷೆಯಲ್ಲಿ ಅವೇ ಹೆಸರು. ಕನ್ನಡ ಶಾಲೆ ಕಾಣದ ಹುಡುಗನಿಗೆ ಅಜ್ಜಿಯ ಮಾತು ದಕ್ಕುತ್ತಿರುವುದು ಈ ಹಿತ್ತಲದಲ್ಲೇ.

ಹುಣ್ಣಿಮೆಗಿಂತ ಅಷ್ಟಮಿ ಚೆಂದ

ಚಂದ್ರನನ್ನು ನೋಡಲು ಹುಣ್ಣಿಮೆಗೆ ಕಾಯಬೇಕಿಲ್ಲ. ಅಂದು ಬಿಸಿಲು ನೇರವಾಗಿ ಬಿದ್ದು ನೆರಳೇ ಇರುವುದಿಲ್ಲ, ಕುಳಿಗಳು ಚಪ್ಪಟೆಯಾಗಿ ಕಾಣುತ್ತವೆ. ಅಷ್ಟಮಿ ಆಸುಪಾಸಿನಲ್ಲಿ ಬೆಳಕು-ಕತ್ತಲೆ ಕೂಡುವ ಗೆರೆಯ ಮೇಲೆ ಉದ್ದ ನೆರಳು ಬಿದ್ದು ಒಂದೊಂದು ಕುಳಿಯೂ ಎದ್ದು ಕಾಣುತ್ತದೆ. ಇದಕ್ಕೆ ಸಾಧಾರಣ ಬೈನಾಕ್ಯುಲರ್ ಸಾಕು.

ಗುರುವಿನ ಪಕ್ಕ ಕಾಣುವ ನಾಲ್ಕು ಚುಕ್ಕಿ ಅದರ ಉಪಗ್ರಹಗಳು. 1610ರ ಜನವರಿಯ ಚಳಿಯಲ್ಲೇ ಗೆಲಿಲಿಯೊ ಅವನ್ನು ಕಂಡದ್ದು. ನಿನ್ನೆ ಇದ್ದ ಕಡೆ ಇಂದು ಇರುವುದಿಲ್ಲ. ಹುಡುಗ ದಿನಾ ನೋಟ್‌ಬುಕ್ಕಿನಲ್ಲಿ ಚುಕ್ಕಿ ಇಟ್ಟು ಲೆಕ್ಕ ಹಿಡಿಯುತ್ತಾನೆ. ಶನಿಯ ಉಂಗುರ 2025ರ ಮಾರ್ಚ್‌ನಲ್ಲಿ ಭೂಮಿಯ ಕಡೆ ಅಂಚು ತಿರುಗಿಸಿ ಕಾಣದಂತಾಗಿತ್ತು. ಆಮೇಲೆ ಮತ್ತೆ ಬಿಚ್ಚಿಕೊಳ್ಳತೊಡಗಿದೆ.

ತೊಂದರೆಗಳೂ ಇವೆ. ಗದ್ದೆಯಲ್ಲಿ ರವದಿ ಸುಟ್ಟ ದಿನ ಹೊಗೆ ಕವಿಯುತ್ತದೆ. ನಡುರಾತ್ರಿ ದಾಟಿದರೆ ಗಾಜಿನ ಮೇಲೆ ಇಬ್ಬನಿ ಕೂಡುತ್ತದೆ. ಹಾಗಾಗಿ ಇವರದು ಎಂಟರಿಂದ ಹತ್ತರವರೆಗಿನ ಕೆಲಸ.

ಮಹಾಲಕ್ಷ್ಮಿಯ ಪಾದಕ್ಕೆ ಬಿಸಿಲು

ಕೊಲ್ಹಾಪುರ ಮಹಾಲಕ್ಷ್ಮಿ ಗುಡಿಯ ಕಿರಣೋತ್ಸವ ಎಂದರೆ ಅಜ್ಜಿಗೆ ಜೀವ. ನವೆಂಬರ್ 9ರಿಂದ 11 ಹಾಗೂ ಜನವರಿ 31ರಿಂದ ಫೆಬ್ರುವರಿ 2ರವರೆಗೆ ಮುಳುಗುವ ಸೂರ್ಯನ ಕಿರಣ ಪಶ್ಚಿಮದ ಮಹಾದ್ವಾರದಿಂದ ಒಳಬಂದು ದೇವಿಯನ್ನು ಮುಟ್ಟುವ ಸಡಗರವದು. ಈ ಎರಡೇ ಹೊತ್ತು ಯಾಕೆ?

ಉತ್ತರ ಕ್ಯಾಲೆಂಡರಿನಲ್ಲೇ ಇದೆ. ಸೂರ್ಯ ದಕ್ಷಿಣದ ತುದಿ ಮುಟ್ಟುವುದು ಡಿಸೆಂಬರ್ 21 ಅಥವಾ 22ಕ್ಕೆ. ನವೆಂಬರ್ 10 ಅದಕ್ಕೆ ಸುಮಾರು 41 ದಿನ ಮೊದಲು, ಫೆಬ್ರುವರಿ 1 ಸುಮಾರು 42 ದಿನ ನಂತರ. ದಕ್ಷಿಣಕ್ಕೆ ಹೋಗುವಾಗ ಸೂರ್ಯ ಯಾವ ಜಾಗದಲ್ಲಿ ಮುಳುಗಿದನೋ, ಮರಳಿ ಬರುವಾಗ ಅದೇ ಜಾಗದಲ್ಲಿ ಮುಳುಗುತ್ತಾನೆ. ಗುಡಿ ಕಟ್ಟಿದವರಿಗೆ ಸೂರ್ಯನ ಹಾದಿ ಬಾಯಿಪಾಠವಾಗಿತ್ತು. ಅವರ ಬಳಿ ದುರ್ಬೀನು ಇರಲಿಲ್ಲ.

'ಹಾಂಗಾರ ದೇವಿ ಮಹಿಮೆ ಏನೂ ಇಲ್ಲೇನು?' ಎಂದು ಅಜ್ಜಿ ಕೇಳಿದರು. 'ಲೆಕ್ಕ ಇಷ್ಟು ಬರೋಬ್ಬರಿ ಕೂಡೋದೇ ಮಹಿಮೆ ಅಲ್ಲೇನಬೇ' ಎಂದ ಮಗ.

ಸೂರ್ಯನ ವಿಷಯದಲ್ಲಿ ಜೋಕೆ

ಹಗಲು ಮಾತ್ರ ದುರ್ಬೀನಿಗೆ ಬೀಗ. ದುರ್ಬೀನಿನಲ್ಲಾಗಲಿ ಬರಿಗಣ್ಣಿನಲ್ಲಾಗಲಿ ಸೂರ್ಯನನ್ನು ನೇರ ನೋಡಕೂಡದು. ಕಣ್ಣಿನ ಒಳಪರದೆಗೆ ನೋವು ತಿಳಿಯುವುದಿಲ್ಲ. ಸುಟ್ಟದ್ದು ಗೊತ್ತಾಗುವುದು ದೃಷ್ಟಿ ಮಸುಕಾದ ಮೇಲೆ. ಎಕ್ಸ್‌ರೇ ಹಾಳೆ, ಮಸಿ ಹಿಡಿದ ಗಾಜು, ತಂಪು ಕನ್ನಡಕ ಯಾವುದೂ ರಕ್ಷಣೆಯಲ್ಲ.

ಇವರ ಉಪಾಯ ಹಂಚಿನ ಮನೆಯಲ್ಲೇ ಇದೆ. ಹಂಚಿನ ಸಣ್ಣ ತೂತಿನಿಂದ ನೆಲಕ್ಕೆ ಬೀಳುವ ದುಂಡನೆಯ ಬಿಸಿಲ ಬಿಲ್ಲೆ ನಿಜವಾಗಿ ಸೂರ್ಯನದೇ ಬಿಂಬ. ಗ್ರಹಣದ ದಿನ ಆ ಬಿಲ್ಲೆ ಕುಡಗೋಲಿನಂತಾಗುತ್ತದೆ. 2019ರ ಡಿಸೆಂಬರ್ 26ರಂದು ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಜನ ಸೂರ್ಯನ ಬಳೆಯನ್ನೇ ಕಂಡಿದ್ದರು. ಗ್ರಹಣಕ್ಕೆ ಬಾಗಿಲು ಹಾಕಿ ಕೂಡುವ ಮನೆಯಲ್ಲೂ ನೆಲ ನೋಡಿದರೆ ಗ್ರಹಣ ಕಾಣುತ್ತದೆ, ಕಣ್ಣಿಗೆ ಅಪಾಯವಿಲ್ಲ.

ಕೊಲ್ಹಾಪುರದ ಕೂಸು

ಖಗೋಳ ವಿಜ್ಞಾನಿ ಜಯಂತ ನಾರಳೀಕರ ಹುಟ್ಟಿದ್ದು 1938ರ ಜುಲೈ 19ರಂದು ಇದೇ ಕೊಲ್ಹಾಪುರದಲ್ಲಿ. ಪುಣೆಯಲ್ಲಿ 'ಆಯುಕಾ' ಸಂಸ್ಥೆ ಕಟ್ಟಿದ ಅವರು ಮರಾಠಿಯಲ್ಲಿ ವಿಜ್ಞಾನ ಕತೆಗಳನ್ನೂ ಬರೆದರು. 2025ರ ಮೇ 20ರಂದು ತೀರಿಕೊಂಡರು. ಪುಣೆಯ ಹವ್ಯಾಸಿಗಳ 'ಜ್ಯೋತಿರ್ವಿದ್ಯಾ ಪರಿಸಂಸ್ಥಾ' 1944ರಷ್ಟು ಹಿಂದೆಯೇ ಶುರುವಾಗಿದೆ. ಈ ಭಾಗದ ಮಕ್ಕಳಿಗೆ ಆಕಾಶ ಹೊಸದಲ್ಲ, ತೋರಿಸುವವರು ಬೇಕಷ್ಟೆ.

ಹತ್ತು ಹೊಡೆಯಿತು. ಹುಡುಗ ನೋಟ್‌ಬುಕ್ಕಿನಲ್ಲಿ ಮರಾಠಿಯಲ್ಲಿ 'ವಿವರ' ಎಂದು ಬರೆದು, ಪಕ್ಕದಲ್ಲಿ ಅಪ್ಪನ ಕೈ ಹಿಡಿಸಿಕೊಂಡು ಕನ್ನಡದಲ್ಲಿ 'ತೆಗ್ಗು' ಎಂದು ತಿದ್ದಿದ. ಒತ್ತು ಎಲ್ಲಿ ಹಾಕಬೇಕೆಂದು ಎರಡು ಸಲ ಕೇಳಿದ.