ಅಂಟಿನ ಘಾಟು: ಮಾಡೆಲ್ ಒಬ್ಬರದು, ಮೂಗು ಎಲ್ಲರದು

ಬೆಳಗಾದರೆ ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ. ರಾತ್ರಿ ಒಂಬತ್ತಾದರೂ ಮನೆಯ ಹಜಾರದಲ್ಲಿ ಥರ್ಮೋಕೋಲ್ ಚೂರು, ರಟ್ಟು, ಐಸ್‌ಕ್ರೀಂ ಕಡ್ಡಿ, ಬಣ್ಣದ ಡಬ್ಬಿಗಳ ಜಾತ್ರೆ. ಎಂಟನೆಯ ತರಗತಿಯ ಹುಡುಗ ಅಣೆಕಟ್ಟಿನ ಮಾದರಿಗೆ ಬಾಗಿಲು ಅಂಟಿಸುತ್ತಿದ್ದಾನೆ. ಸೊಳ್ಳೆ ಬರುತ್ತದೆಂದು ಸಂಜೆಯೇ ಕಿಟಕಿ ಮುಚ್ಚಲಾಗಿದೆ. ಮೂಲೆಯಲ್ಲಿ ಸೊಳ್ಳೆಬತ್ತಿ ಹೊಗೆಯಾಡುತ್ತಿದೆ. ಪಿಯುಸಿ ಓದುವ ಅಕ್ಕ ಅಲ್ಲೇ ಪುಸ್ತಕ ಹಿಡಿದು ಕುಳಿತಿದ್ದಾಳೆ. ಉಬ್ಬಸದ ಅಜ್ಜಿ ನೆಲದ ಮೇಲಿನ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿದ್ದಾರೆ. "ಏನೋ ಅದು ಘಾಟು, ತಲೆ ಸಿಡೀತಿದೆ" ಎಂದು ಅಕ್ಕ ರೇಗಿದರೆ, "ನಂಗೇನೂ ವಾಸನೆ ಬರ್ತಾ ಇಲ್ವಲ್ಲ" ಎನ್ನುವುದು ತಮ್ಮನ ಉತ್ತರ.

ಜಗಳ ಬಿಡಿಸಲು ಬಂದ ಅಮ್ಮನಿಗೆ ಯಾರ ಮಾತನ್ನು ನಂಬಬೇಕೆಂಬ ಗೊಂದಲ. ವಾಸ್ತವವಾಗಿ ಇಬ್ಬರ ಮಾತೂ ನಿಜವೇ.

ಇದು ಒಂದು ಮನೆಯ ಕತೆಯಲ್ಲ. ಮೂವರು ಹಂಚಿಕೊಂಡ ಹಾಸ್ಟೆಲ್ ಕೋಣೆಯಲ್ಲಿ ಕಟ್ಟಡದ ಮಾದರಿ ಕಟ್ಟುವ ಆರ್ಕಿಟೆಕ್ಚರ್ ವಿದ್ಯಾರ್ಥಿ, ಬಾಡಿಗೆ ಕೋಣೆಯಲ್ಲಿ ಪುಟ್ಟ ವಿಮಾನದ ಕಿಟ್ ಜೋಡಿಸುವ ಹವ್ಯಾಸಿ, ಎಲ್ಲರ ಸುತ್ತಲೂ ಹೀಗೆ ಸಹಿಸಿಕೊಳ್ಳುವವರು ಇದ್ದೇ ಇರುತ್ತಾರೆ. 'ಪಾಪ, ಅವನಿಗೆ ನಾಳೆ ಸಬ್‌ಮಿಷನ್' ಎಂದು ಜೊತೆಯವರು ಬಾಯಿ ಬಿಡುವುದಿಲ್ಲ, ಅಷ್ಟೆ.

ಮೂಗಿನ ಮರೆವು

ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಕುಳಿತರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಊದುಬತ್ತಿ ಹಚ್ಚಿದವರಿಗಿಂತ ಹೊರಗಿನಿಂದ ಬಂದವರಿಗೆ ಪರಿಮಳ ಹೆಚ್ಚು ತಿಳಿಯುವುದು ಇದರಿಂದಲೇ. ಅಂಟಿನ ವಿಷಯದಲ್ಲಿ ಇದು ಅಪಾಯಕರ ಮರೆವು. ಗಾಳಿಯಲ್ಲಿ ಆವಿ ಹೆಚ್ಚುತ್ತಿದ್ದರೂ ಅದರ ಪಕ್ಕದಲ್ಲೇ ಕುಳಿತವನಿಗೆ ಅರಿವಾಗುವುದಿಲ್ಲ. ಆದ್ದರಿಂದ 'ನನಗೆ ವಾಸನೆ ಬರುತ್ತಿಲ್ಲ' ಎಂಬುದು ಸಾಕ್ಷ್ಯವಾಗಲಾರದು. ಹೊರಗಿನಿಂದ ಒಳಗೆ ಕಾಲಿಟ್ಟವರ ಮಾತನ್ನೇ ನಂಬಬೇಕು. ಯಾರೂ ಬರದಿದ್ದರೆ ತಾನೇ ಹತ್ತು ನಿಮಿಷ ಹೊರಗೆ ತಿರುಗಾಡಿ ಬಂದು ಪರೀಕ್ಷಿಸಬಹುದು.

ಘಾಟಿನ ಮೂಲ

ಅಂಟುಗಳೆಲ್ಲ ಒಂದೇ ಅಲ್ಲ. 1959ರಲ್ಲಿ ಮಾರುಕಟ್ಟೆಗೆ ಬಂದ ಫೆವಿಕಾಲ್‌ನ ಹೆಸರು ನಮ್ಮಲ್ಲಿ ಬಿಳಿ ಅಂಟಿಗೇ ಪರ್ಯಾಯ ಪದವಾಗಿದೆ. ಈ ಬಿಳಿ ಅಂಟಿನಲ್ಲಿ ಪಾಲಿವಿನೈಲ್ ಅಸಿಟೇಟ್‌ನ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ಒಣಗುವಾಗ ಹೊರಹೋಗುವುದು ಬಹುಪಾಲು ನೀರು. ಹಾಗಾಗಿ ವಾಸನೆ ಅತ್ಯಲ್ಪ.

ಚಪ್ಪಲಿ, ರೆಕ್ಸಿನ್ ಅಂಟಿಸುವ ಹಳದಿ ಬಣ್ಣದ ರಬ್ಬರ್ ಅಂಟು ಇದಕ್ಕೆ ವಿರುದ್ಧ. ಅದರಲ್ಲಿ ರಬ್ಬರನ್ನು ಟಾಲೂಯಿನ್, ಹೆಕ್ಸೇನ್, ಈಥೈಲ್ ಅಸಿಟೇಟ್ ಮುಂತಾದ ದ್ರಾವಕಗಳಲ್ಲಿ ಕರಗಿಸಿರುತ್ತಾರೆ. ಅಂಟು 'ಒಣಗುವುದು' ಎಂದರೆ ಆ ದ್ರಾವಕ ಆವಿಯಾಗಿ ಕೋಣೆಯ ಗಾಳಿಗೆ ಸೇರುವುದು ಎಂದೇ ಅರ್ಥ. ಪ್ಲಾಸ್ಟಿಕ್ ಕಿಟ್‌ಗಳ ಅಂಟಿನಲ್ಲೂ ದ್ರಾವಕವೇ ಮುಖ್ಯ. ಅದು ಪ್ಲಾಸ್ಟಿಕ್ಕಿನ ಅಂಚನ್ನು ಕರಗಿಸಿ ಬೆಸೆಯುತ್ತದೆ. ಕಿತ್ತಳೆ ಸಿಪ್ಪೆಯ ವಾಸನೆಯ ಲಿಮೊನೀನ್ ಬಳಸಿದ ಅಂಟುಗಳೂ ಇವೆ. ಮೂಗಿಗೆ ಹಿತವೆನಿಸಿದರೂ ಅವು ಬೆಂಕಿಗೆ ಸುಲಭ ತುತ್ತು, ಕೆಲವರ ಚರ್ಮಕ್ಕೆ ಅಲರ್ಜಿ.

ಕ್ಷಣದಲ್ಲಿ ಹಿಡಿಯುವ 'ಕ್ವಿಕ್' ಅಂಟು ಸಯನೊಅಕ್ರಿಲೇಟ್. ಅಮೆರಿಕದ ಈಸ್ಟ್‌ಮನ್ ಕೊಡಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಮತ್ತು ಸಂಗಡಿಗರು 1942ರಲ್ಲಿ ಇದನ್ನು ಮೊದಲು ಕಂಡರು. ಮಾರಾಟಕ್ಕೆ ಬಂದದ್ದು 1958ರಲ್ಲಿ. ಗಾಳಿಯ ತೇವಾಂಶದಿಂದಲೇ ಗಟ್ಟಿಯಾಗುವ ಇದರ ಆವಿ ಕಣ್ಣು, ಮೂಗನ್ನು ಉರಿಸುತ್ತದೆ. ಹತ್ತಿಬಟ್ಟೆಯ ಮೇಲೆ ಹೆಚ್ಚು ಚೆಲ್ಲಿದರೆ ಚರ್ಮ ಸುಡುವಷ್ಟು ಬಿಸಿಯೇರುವುದೂ ಉಂಟು.

ಒಂದು ಸಣ್ಣ ಲೆಕ್ಕ

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ ಇರುತ್ತದೆ. ಬಾಗಿಲು ಕಿಟಕಿ ಮುಚ್ಚಿಟ್ಟು ಅಲ್ಲಿ 10 ಗ್ರಾಂ ಟಾಲೂಯಿನ್ ಆವಿಯಾಯಿತೆನ್ನಿ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 90 ಭಾಗ ಟಾಲೂಯಿನ್ ಆಗುತ್ತದೆ. ಎಂಟು ಗಂಟೆ ದುಡಿಯುವ ವಯಸ್ಕ ಕಾರ್ಮಿಕರಿಗೆ ಅಮೆರಿಕದ ಎಸಿಜಿಐಎಚ್ ಸಂಸ್ಥೆ ಸೂಚಿಸಿರುವ ಮಿತಿ 20 ಭಾಗ. ಮಕ್ಕಳು, ಗರ್ಭಿಣಿಯರು, ಉಬ್ಬಸದವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಮಿತಿಯಲ್ಲ ಅದು.

ತಲೆನೋವು, ತಲೆಸುತ್ತು, ವಾಕರಿಕೆ, ಗಂಟಲ ಕೆರೆತ ಇವು ಮೊದಲ ಸೂಚನೆಗಳು. ಇವು ಕಂಡರೆ ಕೆಲಸ ಬಿಟ್ಟು ಬಯಲಿಗೆ ಬರಬೇಕು. ಉಸಿರಾಟಕ್ಕೆ ಕಷ್ಟವಾದರೆ ವೈದ್ಯರ ಬಳಿಗೆ ಹೋಗಲು ತಡಮಾಡಬಾರದು. ವರ್ಷಕ್ಕೊಮ್ಮೆ ಮಾಡೆಲ್ ಮಾಡುವ ಹುಡುಗನಿಗೆ ದೊಡ್ಡ ಕಾಯಿಲೆ ಬಂದೀತೆಂದು ಹೆದರಬೇಕಿಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ದಿನವೂ ಇದೇ ನಡೆದರೆ ಪರಿಣಾಮ ಬೇರೆ. 1960ರ ದಶಕದಲ್ಲಿ ಜಪಾನಿನಲ್ಲಿ ಮನೆಯಲ್ಲೇ ಚಪ್ಪಲಿ ಅಂಟಿಸುತ್ತಿದ್ದ ಅನೇಕರ ಕೈಕಾಲು ಜೋಮು ಹಿಡಿದು ಬಲಗುಂದಿದವು. ಅಂಟಿನಲ್ಲಿದ್ದ ಹೆಕ್ಸೇನ್ ನರಗಳಿಗೆ ಮಾಡಿದ ಹಾನಿ ಅದು.

ನೆಲದಲ್ಲಿ ಮಲಗಿದ ಅಜ್ಜಿ, ಮೂಲೆಯ ಸೊಳ್ಳೆಬತ್ತಿ

ಟಾಲೂಯಿನ್ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ನಿಶ್ಚಲವಾದ ಕೋಣೆಯಲ್ಲಿ ಅದು ನೆಲದ ಮಟ್ಟದಲ್ಲಿ ಹರಿದಾಡುತ್ತದೆ. ಮಲಗಿದವರ ಮೂಗು ಇರುವುದೂ ಅಲ್ಲೇ, ಸೊಳ್ಳೆಬತ್ತಿಯ ಕೆಂಡ ಇರುವುದೂ ಅಲ್ಲೇ. ಟಾಲೂಯಿನ್ ದ್ರವದ ಮೇಲಿನ ಆವಿಗೆ ಬೆಂಕಿ ತಾಗಿ ಹತ್ತಲು 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೇ ಸಾಕು. ನಮ್ಮ ಊರುಗಳ ಚಳಿಗಾಲದ ರಾತ್ರಿಯೂ ಅದಕ್ಕಿಂತ ಬೆಚ್ಚಗಿರುತ್ತದೆ. ಆದ್ದರಿಂದ ಅಂಟಿನ ಡಬ್ಬಿ ತೆರೆದಿರುವ ಕಡೆ ದೀಪ, ಮೇಣದಬತ್ತಿ, ಗ್ಯಾಸ್ ಒಲೆ ಯಾವುದೂ ಉರಿಯಕೂಡದು.

ಸೀಲಿಂಗ್ ಫ್ಯಾನ್ ಹಾಕಿದ ಮಾತ್ರಕ್ಕೆ ಸಮಸ್ಯೆ ಬಗೆಹರಿಯದು. ಅದು ಇದ್ದ ಗಾಳಿಯನ್ನೇ ಕೋಣೆಯೊಳಗೆ ತಿರುಗಿಸುತ್ತದೆ, ಹೊರಗೆ ಹಾಕುವುದಿಲ್ಲ. ಎದುರುಬದುರಾಗಿ ಎರಡು ಕಡೆ ತೆರೆದಿದ್ದರೆ ಮಾತ್ರ ಗಾಳಿ ಆಡುತ್ತದೆ. ಕೊರೋನಾ ಕಾಲದಿಂದ ಮನೆಯಲ್ಲಿ ಉಳಿದಿರುವ ಬಟ್ಟೆಯ ಮಾಸ್ಕ್, ಎನ್-95 ಮಾಸ್ಕ್‌ಗಳೂ ಇಲ್ಲಿ ಉಪಯೋಗಕ್ಕೆ ಬಾರವು. ಅವು ಕಣಗಳನ್ನು ತಡೆಯುತ್ತವೆ, ಆವಿಯನ್ನಲ್ಲ.

ಆತುರಗಾರನಿಗೆ ಘಾಟಿನ ಅಂಟು

ಯೋಚಿಸಿ ನೋಡಿದರೆ ಈ ಎಲ್ಲ ತಾಪತ್ರಯದ ಬೇರು ಕೊನೆಯ ರಾತ್ರಿಯ ಆತುರ. ಬಿಳಿ ಅಂಟು ಚೆನ್ನಾಗಿ ಹಿಡಿಯಲು ಒಂದು ರಾತ್ರಿ ಬೇಕು. ಅಷ್ಟು ಕಾಯಲಾರದವರು ರಬ್ಬರ್ ಅಂಟಿಗೆ ಕೈ ಹಾಕುತ್ತಾರೆ. ಥರ್ಮೋಕೋಲ್‌ಗೆ ಅದನ್ನು ಹಚ್ಚಿದರೆ ದ್ರಾವಕ ಥರ್ಮೋಕೋಲನ್ನೇ ತಿಂದು ಗುಂಡಿ ಮಾಡುತ್ತದೆ. ಕೊನೆಗೆ ಮಾಡೆಲ್ಲೂ ಕೆಟ್ಟಿತು, ಮನೆಯವರ ನಿದ್ದೆಯೂ ಕೆಟ್ಟಿತು.

ಮೂರು ದಿನ ಮೊದಲೇ ಆರಂಭಿಸಿದರೆ ರಟ್ಟು, ಮರ, ಥರ್ಮೋಕೋಲ್ ಮೂರಕ್ಕೂ ಬಿಳಿ ಅಂಟೇ ಸಾಕು. ಒಣಗುವ ತನಕ ಗುಂಡುಸೂಜಿ, ರಬ್ಬರ್ ಬ್ಯಾಂಡ್ ಹಾಕಿ ಹಿಡಿಸಿಡಬಹುದು. ಕಾಗದಕ್ಕೆ ಮೈದಾ ಕಾಯಿಸಿದ ಅಂಟೂ ಆದೀತು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಕಲಾವಿದರು ತಮ್ಮ ಪ್ರಸಿದ್ಧ ಮರದ ಬೊಂಬೆಗಳಿಗೆ ಹುಣಸೆಬೀಜದ ಅಂಟನ್ನು ಬಳಸುತ್ತ ಬಂದವರು.

ಘಾಟಿನ ಅಂಟು ಬೇಕೇಬೇಕೆಂದಾದರೆ ಆ ಭಾಗದ ಕೆಲಸವನ್ನಷ್ಟೇ ಹಗಲಲ್ಲಿ, ತಾರಸಿಯಲ್ಲೋ ಜಗಲಿಯಲ್ಲೋ ಮುಗಿಸಬೇಕು. ಅಂಟಿಸಿದ್ದನ್ನು ಅಲ್ಲೇ ಒಣಗಲು ಬಿಡಬೇಕು. ಒಳಗೆ ತಂದರೆ ಘಾಟೂ ಜೊತೆಗೇ ಬರುತ್ತದೆ. ಪ್ರತಿ ಸಲವೂ ಮುಚ್ಚಳ ಹಾಕಬೇಕು, ಒರೆಸಿದ ಚಿಂದಿಯನ್ನು ಹೊರಗಿನ ಕಸಕ್ಕೆ ಹಾಕಬೇಕು. ಕ್ವಿಕ್ ಅಂಟಿನಿಂದ ಬೆರಳು ಕಚ್ಚಿಕೊಂಡರೆ ಎಳೆಯಬಾರದು. ಬೆಚ್ಚಗಿನ ಸಾಬೂನು ನೀರಿನಲ್ಲಿ ಅದ್ದಿ ಮೆಲ್ಲಗೆ ಬಿಡಿಸಬೇಕು.

ಹೆತ್ತವರು ಇನ್ನೊಂದನ್ನೂ ಗಮನಿಸಬೇಕು. ಇಂಥ ಆವಿಯನ್ನು ಬೇಕೆಂದೇ ಸೇದುವ ಚಟಕ್ಕೆ ಬಿದ್ದ ಮಕ್ಕಳಿದ್ದಾರೆ, ಅದರಿಂದ ಹಠಾತ್ ಸಾವೂ ಸಂಭವಿಸಿದೆ. ಈ ಚಟ ತಡೆಯಲೆಂದೇ ಅಮೆರಿಕದ ಟೆಸ್ಟರ್ಸ್ ಕಂಪನಿ 1969ರಲ್ಲಿ ತನ್ನ ಮಾಡೆಲ್ ಅಂಟಿಗೆ ಕಣ್ಣು ಮೂಗು ಉರಿಸುವ ಸಾಸಿವೆಯ ಸಾರವನ್ನು ಬೆರೆಸಿತು. ಕೆಲಸ ಮುಗಿದ ಮೇಲೆ ಟ್ಯೂಬನ್ನು ಹಿರಿಯರೇ ಎತ್ತಿಡುವುದು ಒಳ್ಳೆಯದು. ಗದರಿಸುವುದಕ್ಕಿಂತ ಕಾರಣ ತಿಳಿಸಿ ಹೇಳಿದರೆ ಮಕ್ಕಳು ಕೇಳುತ್ತಾರೆ.

ಹಾಸ್ಟೆಲ್ಲಿನಲ್ಲಿ ಇರುವವರಿಗಂತೂ ಡಬ್ಬಿ ತೆರೆಯುವ ಮೊದಲು ಒಂದು ಮಾತು ಕೇಳುವುದು ಕಷ್ಟವೇನಲ್ಲ: "ನಿಮಗೆ ಯಾರಿಗಾದರೂ ಈ ವಾಸನೆ ಆಗಲ್ವಾ?" ಉಬ್ಬಸವಿರುವ ಗೆಳೆಯ ಸಂಕೋಚದಿಂದ ಮುಚ್ಚಿಟ್ಟದ್ದು ಆಗ ಹೊರಬರುತ್ತದೆ. ವಾರ್ಡನ್‌ರನ್ನು ಕೇಳಿದರೆ ವರಾಂಡದ ಮೂಲೆಯೊಂದು ಸಿಕ್ಕೀತು. ಮನೆಯಲ್ಲಿ ಈ ಮಾತು ಅಜ್ಜಿಯನ್ನು ಕೇಳಬೇಕು. ಕೇಳಿದ ಮೇಲೆ ಹಾಸಿಗೆಯನ್ನು ಒಳಕೋಣೆಗೆ ಸಾಗಿಸುವುದಲ್ಲ, ಅಂಟಿನ ಡಬ್ಬಿಯನ್ನು ಜಗಲಿಗೆ ಒಯ್ಯಬೇಕು.