ವಿಶೇಷ ಶಾಲೆಗಳಲ್ಲಿ ಮಕ್ಕಳ ದಾಖಲಾತಿ ಮತ್ತು ಶಿಕ್ಷಕರ ಸಂಖ್ಯೆ: ಬೆಂಗಳೂರು ಪಶ್ಚಿಮ ಭಾಗದ ಪೋಷಕರಿಗೆ ಮಾಹಿತಿ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಹಾಗೂ ಸುತ್ತಮುತ್ತಲಿನ ಬಡಾವಣೆಗಳಲ್ಲಿ ವಾಸಿಸುವ ವಿಶೇಷ ಅಗತ್ಯವುಳ್ಳ ಮಕ್ಕಳ ಪೋಷಕರು ಶಾಲಾ ದಾಖಲಾತಿಗೆ ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ. ಸಾಮಾನ್ಯ ಶಾಲೆಯಲ್ಲಿ ಒಂದೆರಡು ಮಕ್ಕಳು ಸೇರಿದರೆ ಅಥವಾ ಬಿಟ್ಟರೆ ಶಿಕ್ಷಕರ ಸಂಖ್ಯೆಯ ಮೇಲೆ ಪರಿಣಾಮವಾಗುವುದು ವಿರಳ. ಇಪ್ಪತ್ತು ಇಪ್ಪತ್ತೈದು ಮಕ್ಕಳಿರುವ ವಿಶೇಷ ಶಾಲೆಯ ಸ್ಥಿತಿ ಬೇರೆ. ಅಲ್ಲಿ ದಾಖಲಾತಿ ವಹಿಯಲ್ಲಿರುವ ಪ್ರತಿಯೊಂದು ಹೆಸರೂ ಶಿಕ್ಷಕರ ಅಗತ್ಯವನ್ನು ನಿರ್ಧರಿಸುತ್ತದೆ. ಶಿಕ್ಷಕರಿಲ್ಲವೆಂಬ ಕಾರಣಕ್ಕೆ ಪೋಷಕರು ಮಗುವನ್ನು ಬಿಡಿಸಿದಲ್ಲಿ ಉಳಿದ ಮಕ್ಕಳ ಶಿಕ್ಷಕರಿಗೂ ಕುತ್ತು ಬರುತ್ತದೆ. ಆದ್ದರಿಂದ ದಾಖಲಾತಿ ಮತ್ತು ಸಿಬ್ಬಂದಿ ಎಂಬ ಎರಡು ವಿಷಯಗಳನ್ನು ಒಟ್ಟಾಗಿಯೇ ನೋಡುವುದು ಸೂಕ್ತ.

ಸರ್ಕಾರಿ ವಿಶೇಷ ಶಾಲೆಗಳು ಎಲ್ಲಿವೆ

ರಾಜ್ಯದಲ್ಲಿ ವಿಶೇಷ ಶಿಕ್ಷಣಕ್ಕೆ ದೀರ್ಘ ಇತಿಹಾಸವಿದೆ. ಅಂಧ ಮತ್ತು ಕಿವುಡ ಮಕ್ಕಳಿಗಾಗಿ ಮೈಸೂರಿನಲ್ಲಿ 1901ರಲ್ಲಿಯೇ ಶಾಲೆ ಆರಂಭವಾಯಿತು. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯು ನೇರವಾಗಿ ನಡೆಸುವ ಶಾಲೆಗಳ ಪೈಕಿ ಶ್ರವಣದೋಷವುಳ್ಳ ಮಕ್ಕಳ ಶಾಲೆಗಳು ಮೈಸೂರು, ಬೆಳಗಾವಿ, ಕಲಬುರಗಿ ಮತ್ತು ಬಳ್ಳಾರಿಯಲ್ಲಿಯೂ, ಅಂಧ ಮಕ್ಕಳ ಶಾಲೆಗಳು ಮೈಸೂರು, ಕಲಬುರಗಿ, ಹುಬ್ಬಳ್ಳಿ ಮತ್ತು ದಾವಣಗೆರೆಯಲ್ಲಿಯೂ ಇವೆ. ಈ ಪಟ್ಟಿಯಲ್ಲಿ ಬೆಂಗಳೂರು ಇಲ್ಲ. ರಾಜಧಾನಿಯಲ್ಲಿ ಸರ್ಕಾರಿ ವಿಶೇಷ ಶಾಲೆ ಇದ್ದೇ ಇರುತ್ತದೆಂದು ಭಾವಿಸಿ ಕಚೇರಿಯಿಂದ ಕಚೇರಿಗೆ ಅಲೆಯುವ ಪೋಷಕರು ಈ ಸಂಗತಿಯನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ನಗರದಲ್ಲಿ ಸರ್ಕಾರದ ಹಣದಿಂದ ದೊರೆಯುವ ವಿಶೇಷ ಶಿಕ್ಷಣವು ಮುಖ್ಯವಾಗಿ ಎರಡು ದಾರಿಗಳಲ್ಲಿ ಮಕ್ಕಳನ್ನು ತಲುಪುತ್ತದೆ. ಮೊದಲನೆಯದು, ಸ್ವಯಂಸೇವಾ ಸಂಸ್ಥೆಗಳು ನಡೆಸುವ ಅನುದಾನಿತ ವಿಶೇಷ ಶಾಲೆಗಳು. ಇವುಗಳಲ್ಲಿ ಕೆಲವು 1982ರ ಅನುದಾನ ಸಂಹಿತೆಯಡಿ ನೆರವು ಪಡೆಯುತ್ತವೆ. ಇನ್ನು ಕೆಲವು ಶಿಶುಕೇಂದ್ರಿತ ಅನುದಾನ ಯೋಜನೆಯಡಿ ಬರುತ್ತವೆ. ಎರಡನೆಯದು, ಶಾಲಾ ಶಿಕ್ಷಣ ಇಲಾಖೆಯ ಸಾಮಾನ್ಯ ಶಾಲೆಗಳು ಹಾಗೂ ಸಮಗ್ರ ಶಿಕ್ಷಣ ಯೋಜನೆಯ ಕ್ಷೇತ್ರ ಸಂಪನ್ಮೂಲ ಕೇಂದ್ರಗಳು.

ಶಿಶುಕೇಂದ್ರಿತ ಯೋಜನೆಯ ಹೆಸರೇ ಸೂಚಿಸುವಂತೆ ಅಲ್ಲಿ ಅನುದಾನದ ಲೆಕ್ಕ ಆರಂಭವಾಗುವುದು ಮಗುವಿನಿಂದ. ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದರ ಮೇಲೆ ಹಣ, ಹಣದ ಮೇಲೆ ಶಿಕ್ಷಕರ ವೇತನ. ಕಟ್ಟಡದ ಬಾಡಿಗೆಯಾಗಲಿ ವಿದ್ಯುತ್ ಬಿಲ್ಲಾಗಲಿ ಮಕ್ಕಳು ಕಡಿಮೆಯಾದರೆಂದು ಕಡಿಮೆಯಾಗುವುದಿಲ್ಲ. ಸಣ್ಣ ಶಾಲೆಗಳ ಕಷ್ಟ ಇರುವುದು ಇಲ್ಲಿಯೇ.

ದಾಖಲಾತಿಯ ಹಕ್ಕು

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 31ನೇ ಪ್ರಕರಣದಂತೆ, ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆಯುಳ್ಳ 6ರಿಂದ 18 ವರ್ಷದೊಳಗಿನ ಪ್ರತಿಯೊಂದು ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ‘ಅಥವಾ’ ಎಂಬ ಪದವನ್ನು ಗಮನಿಸಬೇಕು. ಆಯ್ಕೆ ಮಗುವಿನದು ಮತ್ತು ಪೋಷಕರದು. “ಇಂತಹ ಮಕ್ಕಳಿಗೆ ಬೇರೆ ಶಾಲೆ ಇದೆ, ಅಲ್ಲಿಗೆ ಹೋಗಿ” ಎಂದು ಹೇಳಿ ಕಳುಹಿಸುವ ಅಧಿಕಾರ ಸಮೀಪದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರಿಗೆ ಇಲ್ಲ.

ಶಿಕ್ಷಣ ಹಕ್ಕು ಅಧಿನಿಯಮ, 2009ರಂತೆ ವಯಸ್ಸಿನ ದಾಖಲೆ ಇಲ್ಲವೆಂದು ದಾಖಲಾತಿ ನಿರಾಕರಿಸುವಂತಿಲ್ಲ; ಶೈಕ್ಷಣಿಕ ವರ್ಷ ಆರಂಭವಾದ ಮೇಲೆ ಬಂದ ಮಗುವನ್ನೂ ಸೇರಿಸಿಕೊಳ್ಳತಕ್ಕದ್ದು. ಈ ಅಧಿನಿಯಮಕ್ಕೆ 2012ರಲ್ಲಿ ಮಾಡಲಾದ ತಿದ್ದುಪಡಿಯಂತೆ ತೀವ್ರ ವಿಕಲತೆ ಅಥವಾ ಬಹುವಿಕಲತೆಯುಳ್ಳ ಮಗುವು ಗೃಹಾಧಾರಿತ ಶಿಕ್ಷಣವನ್ನು ಆಯ್ದುಕೊಳ್ಳಬಹುದು. ಇದು ಮಗುವಿಗೆ ನೀಡಲಾದ ಆಯ್ಕೆಯೇ ಹೊರತು ಮಗುವನ್ನು ಮನೆಯಲ್ಲಿಯೇ ಉಳಿಸಲು ಶಾಲೆಗೆ ಕೊಟ್ಟ ಅನುಮತಿಯಲ್ಲ.

ಸಲ್ಲಿಸಬೇಕಾದ ದಾಖಲೆಗಳು

ಅರ್ಜಿಯೊಂದಿಗೆ ಸಾಮಾನ್ಯವಾಗಿ ಜನನ ಪ್ರಮಾಣಪತ್ರ, ವಾಸಸ್ಥಳದ ದಾಖಲೆ, ಮಗುವಿನ ಭಾವಚಿತ್ರಗಳು ಹಾಗೂ ವಿಶಿಷ್ಟ ಗುರುತಿನ ಚೀಟಿ (ಯು.ಡಿ.ಐ.ಡಿ.) ಅಥವಾ ವಿಕಲತೆಯ ಪ್ರಮಾಣಪತ್ರದ ಪ್ರತಿಯನ್ನು ಲಗತ್ತಿಸಬೇಕು. ವಿದ್ಯಾರ್ಥಿವೇತನ ಕೋರುವವರು ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಪಡೆದಿಟ್ಟುಕೊಳ್ಳುವುದು ಉತ್ತಮ. ಆಧಾರ್ ಇಲ್ಲವೆಂಬ ಕಾರಣಕ್ಕೆ ಶಾಲಾ ದಾಖಲಾತಿ ನಿರಾಕರಿಸಲಾಗದು. ಈ ವಿಷಯವನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಸ್ಪಷ್ಟಪಡಿಸಿದೆ.

ವಿಕಲತೆಯ ಪ್ರಮಾಣಪತ್ರವನ್ನು 2021ರ ಜೂನ್ 1ರಿಂದ ಯು.ಡಿ.ಐ.ಡಿ. ಜಾಲತಾಣದ ಮೂಲಕವೇ ನೀಡಲಾಗುತ್ತಿದೆ. ಪೋಷಕರು ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ, ಅಧಿಸೂಚಿತ ಸರ್ಕಾರಿ ಆಸ್ಪತ್ರೆಯೊಂದನ್ನು ಆಯ್ದುಕೊಂಡು, ನಿಗದಿಯಾದ ದಿನ ಮಗುವನ್ನು ವೈದ್ಯಕೀಯ ತಪಾಸಣೆಗೆ ಕರೆದೊಯ್ಯಬೇಕು. ಅರ್ಜಿ ತುಂಬಲು ತೊಂದರೆಯಾದಲ್ಲಿ ನಗರ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಚಿಕ್ಕ ಮಕ್ಕಳಿಗೆ ನೀಡುವ ಪ್ರಮಾಣಪತ್ರ ಅನೇಕ ವೇಳೆ ತಾತ್ಕಾಲಿಕವಾಗಿರುತ್ತದೆ. ನಿರ್ದಿಷ್ಟ ವಯಸ್ಸಿಗೆ ಅಥವಾ ಅವಧಿಗೆ ಮರುತಪಾಸಣೆ ಆಗಬೇಕಾಗುತ್ತದೆ. ಅವಧಿ ಮುಗಿದದ್ದನ್ನು ಮನೆಯಲ್ಲಿ ಯಾರೂ ಗಮನಿಸದೆ ಹೋದಲ್ಲಿ ಮಗು ಪ್ರತಿದಿನ ಶಾಲೆಗೆ ಬರುತ್ತಿದ್ದರೂ ಅದನ್ನು ಅನುದಾನದ ಲೆಕ್ಕದಲ್ಲಿ ತೋರಿಸುವುದು ಶಾಲೆಗೆ ಕಷ್ಟವಾಗುತ್ತದೆ. ಚೀಟಿಯ ಮೇಲಿನ ದಿನಾಂಕವನ್ನು ಪ್ರತಿವರ್ಷ ಬೇಸಿಗೆ ರಜೆಯಲ್ಲಿ ಒಮ್ಮೆ ಪರಿಶೀಲಿಸಿದರೆ ಸಾಕು.

ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು

ವಿಶೇಷ ಶಿಕ್ಷಕರ ಸಂಖ್ಯೆಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ರಜನೀಶ್ ಕುಮಾರ್ ಪಾಂಡೆ ವಿರುದ್ಧ ಭಾರತ ಒಕ್ಕೂಟ ಪ್ರಕರಣದಲ್ಲಿ 2021ರ ಅಕ್ಟೋಬರ್ 28ರಂದು ನೀಡಿದ ತೀರ್ಪು ಮುಖ್ಯವಾದುದು. ಕೇಂದ್ರ ಸರ್ಕಾರವು ಪ್ರತ್ಯೇಕ ಮಾನದಂಡಗಳನ್ನು ಅಧಿಸೂಚಿಸುವವರೆಗೆ ತಾತ್ಕಾಲಿಕ ವ್ಯವಸ್ಥೆಯಾಗಿ ದೆಹಲಿಯ ವಿಕಲಚೇತನರ ರಾಜ್ಯ ಆಯುಕ್ತರ ಶಿಫಾರಸನ್ನು ಅನುಸರಿಸುವಂತೆ ನ್ಯಾಯಾಲಯ ಸೂಚಿಸಿತು. ಅದರಂತೆ ಸೆರೆಬ್ರಲ್ ಪಾಲ್ಸಿ ಇರುವ 8 ಮಕ್ಕಳಿಗೆ ಒಬ್ಬರು, ಬೌದ್ಧಿಕ ವಿಕಲತೆ, ಆಟಿಸಂ ಅಥವಾ ಕಲಿಕಾ ನ್ಯೂನತೆ ಇರುವ 5 ಮಕ್ಕಳಿಗೆ ಒಬ್ಬರು, ಅಂಧತ್ವ ಮತ್ತು ಕಿವುಡುತನ ಎರಡೂ ಇರುವ ಅಥವಾ ಬಹುವಿಕಲತೆಯುಳ್ಳ 2 ಮಕ್ಕಳಿಗೆ ಒಬ್ಬ ಶಿಕ್ಷಕರು ಇರಬೇಕು. ಸಾಮಾನ್ಯ ಶಾಲೆಗಳಿಗೆ ಸಂಬಂಧಿಸಿದಂತೆ ಕೇಂದ್ರ ಸರ್ಕಾರವು 2022ರಲ್ಲಿ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ, ನಂತರದ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರೆಂದು ನಿಗದಿಪಡಿಸಿತು.

ಈ ಪ್ರಮಾಣವನ್ನು ಒಂದು ಕಾಲ್ಪನಿಕ ಶಾಲೆಗೆ ಅನ್ವಯಿಸಿ ನೋಡಬಹುದು. ಒಟ್ಟು 26 ಮಕ್ಕಳಿದ್ದು, ಅವರಲ್ಲಿ 14 ಮಕ್ಕಳಿಗೆ ಬೌದ್ಧಿಕ ವಿಕಲತೆ ಅಥವಾ ಆಟಿಸಂ, 8 ಮಕ್ಕಳಿಗೆ ಸೆರೆಬ್ರಲ್ ಪಾಲ್ಸಿ, 4 ಮಕ್ಕಳಿಗೆ ಬಹುವಿಕಲತೆ ಇದೆಯೆಂದು ಇಟ್ಟುಕೊಳ್ಳೋಣ. ಕ್ರಮವಾಗಿ 3, 1 ಮತ್ತು 2, ಅಂದರೆ ಒಟ್ಟು 6 ಶಿಕ್ಷಕರು ಬೇಕು. ಮೊದಲ ಗುಂಪಿನಿಂದ 5 ಮಕ್ಕಳು ಹೊರಟುಹೋದರೆ 9 ಮಕ್ಕಳಿಗೆ ಇಬ್ಬರೇ ಸಾಕೆಂದಾಗುತ್ತದೆ. ಒಂದು ಹುದ್ದೆಗೆ ಆಧಾರವೇ ಉಳಿಯುವುದಿಲ್ಲ. ಎರಡನೆಯ ಗುಂಪಿಗೆ ಒಂದೇ ಒಂದು ಮಗು ಹೊಸದಾಗಿ ಸೇರಿದರೂ ಇನ್ನೊಬ್ಬ ಶಿಕ್ಷಕರನ್ನು ಕೇಳಲು ಶಾಲೆಗೆ ಕಾರಣ ಸಿಗುತ್ತದೆ. ಬಹುವಿಕಲತೆಯುಳ್ಳ ಮಗುವನ್ನು ದಾಖಲೆಯಲ್ಲಿ ಒಂದೇ ವಿಕಲತೆಯ ಮಗುವೆಂದು ಬರೆದಲ್ಲಿ ಇಬ್ಬರಿಗೆ ಒಬ್ಬ ಶಿಕ್ಷಕರೆಂಬ ಲೆಕ್ಕ ಐವರಿಗೆ ಅಥವಾ ಎಂಟು ಮಂದಿಗೆ ಒಬ್ಬರೆಂದು ಬದಲಾಗಿಬಿಡುತ್ತದೆ. ಆದಕಾರಣ ವೈದ್ಯಕೀಯ ಪ್ರಮಾಣಪತ್ರದಲ್ಲಿರುವ ವಿಕಲತೆಯ ವಿಧವೂ ಶಾಲಾ ವಹಿಯಲ್ಲಿರುವುದೂ ಒಂದೇ ಆಗಿವೆಯೇ ಎಂದು ಪೋಷಕರು ಖಚಿತಪಡಿಸಿಕೊಳ್ಳಬೇಕು.

ಹಾಜರಾತಿಯೂ ಇಷ್ಟೇ ಮಹತ್ವದ್ದು. ಫಿಟ್ಸ್, ಶಸ್ತ್ರಚಿಕಿತ್ಸೆ, ಥೆರಪಿ ಇತ್ಯಾದಿ ಕಾರಣಗಳಿಂದ ಈ ಮಕ್ಕಳು ವಾರಗಟ್ಟಲೆ ಗೈರುಹಾಜರಾಗುವುದುಂಟು. ಪೋಷಕರು ಮುಖ್ಯ ಶಿಕ್ಷಕರಿಗೆ ಲಿಖಿತವಾಗಿ ಕಾರಣ ತಿಳಿಸಿ ಸ್ವೀಕೃತಿ ಪಡೆದಲ್ಲಿ ಮಗು ಶಾಲೆ ಬಿಟ್ಟಿದೆಯೆಂದು ಭಾವಿಸಿ ಹೆಸರು ತೆಗೆಯುವ ಪ್ರಮೇಯ ಬರುವುದಿಲ್ಲ.

ಶಿಕ್ಷಕರ ಅರ್ಹತೆ

ಸಂಖ್ಯೆಯ ಜೊತೆಗೆ ಅರ್ಹತೆಯನ್ನೂ ನೋಡಬೇಕು. ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯಿರುವ ಡಿ.ಇಡಿ. ಅಥವಾ ಬಿ.ಇಡಿ. (ವಿಶೇಷ ಶಿಕ್ಷಣ) ಪೂರೈಸಿ, ಪರಿಷತ್ತಿನ ಕೇಂದ್ರ ಪುನರ್ವಸತಿ ನೋಂದಣಿ ವಹಿಯಲ್ಲಿ ಹೆಸರು ನೋಂದಾಯಿಸಿರಬೇಕು. 1992ರ ಭಾರತೀಯ ಪುನರ್ವಸತಿ ಪರಿಷತ್ ಅಧಿನಿಯಮವು ಇದನ್ನು ಕಡ್ಡಾಯಗೊಳಿಸಿದೆ. ತರಬೇತಿಯು ವಿಕಲತೆಯ ವಿಧಕ್ಕೆ ಅನುಗುಣವಾಗಿರುತ್ತದೆ. ಶ್ರವಣದೋಷದ ವಿಭಾಗದಲ್ಲಿ ತರಬೇತಿ ಪಡೆದವರು ಆಟಿಸಂ ಇರುವ ಮಕ್ಕಳ ತರಗತಿಯನ್ನು ನೋಡಿಕೊಳ್ಳುತ್ತಿದ್ದರೆ ಕಾಗದದ ಮೇಲೆ ಹುದ್ದೆ ಭರ್ತಿಯಾಗಿದ್ದರೂ ಮಗುವಿಗೆ ಅದರ ಪ್ರಯೋಜನ ಪೂರ್ಣವಾಗಿ ದೊರೆಯದು. ಶಿಕ್ಷಕರ ನೋಂದಣಿ ಮತ್ತು ತರಬೇತಿಯ ವಿಭಾಗವನ್ನು ವಿಚಾರಿಸುವುದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ. ಫಿಸಿಯೋಥೆರಪಿಸ್ಟರು ಈ ಪರಿಷತ್ತಿನ ನೋಂದಣಿಗೆ ಒಳಪಡುವುದಿಲ್ಲವಾದ್ದರಿಂದ ಅವರಿಂದ ಅದನ್ನು ಅಪೇಕ್ಷಿಸಬೇಕಾಗಿಲ್ಲ.

ಸಣ್ಣ ಶಾಲೆಗಳಲ್ಲಿ ವಾಕ್ ಚಿಕಿತ್ಸಕರು, ಫಿಸಿಯೋಥೆರಪಿಸ್ಟರು ಪ್ರತಿದಿನ ಇರುವುದು ಅಪರೂಪ. ವಾರದ ಯಾವ ದಿನ ಬರುತ್ತಾರೆಂದು ಮೊದಲೇ ಕೇಳಿಕೊಳ್ಳಬೇಕು. ಆಯಾಗಳ ಬಗ್ಗೆಯೂ ವಿಚಾರಿಸುವುದು ಅಗತ್ಯ. ಮಗುವನ್ನು ಶೌಚಾಲಯಕ್ಕೆ ಕರೆದೊಯ್ಯಲು, ಊಟ ಮಾಡಿಸಲು ಸಹಾಯಕರಿಲ್ಲದಿದ್ದಲ್ಲಿ ಆ ಕೆಲಸ ಶಿಕ್ಷಕಿಯ ಮೇಲೆಯೇ ಬೀಳುತ್ತದೆ ಮತ್ತು ಅಷ್ಟು ಹೊತ್ತು ಉಳಿದ ಮಕ್ಕಳ ಪಾಠ ನಿಲ್ಲುತ್ತದೆ. ಶಿಕ್ಷಕರ ಪ್ರಮಾಣದ ಲೆಕ್ಕದಲ್ಲಿ ಇದು ಎಲ್ಲಿಯೂ ಕಾಣುವುದಿಲ್ಲ.

ಗುತ್ತಿಗೆ ಆಧಾರದ ಶಿಕ್ಷಕರು ಆಗಾಗ್ಗೆ ಬದಲಾಗುವುದು ಪೋಷಕರ ಸಾಮಾನ್ಯ ದೂರು. ಒಬ್ಬರ ಧ್ವನಿಗೆ ಹೊಂದಿಕೊಳ್ಳಲು ತಿಂಗಳುಗಳನ್ನು ತೆಗೆದುಕೊಳ್ಳುವ ಮಗುವಿಗೆ ಈ ಬದಲಾವಣೆ ಸಣ್ಣ ವಿಷಯವಲ್ಲ. ಮೇಲ್ಕಂಡ ಪ್ರಕರಣದಲ್ಲಿಯೇ ಸರ್ವೋಚ್ಚ ನ್ಯಾಯಾಲಯವು 2025ರ ಮಾರ್ಚ್ 7ರಂದು, ವಿಶೇಷ ಶಿಕ್ಷಕರ ಹುದ್ದೆಗಳನ್ನು ಮಂಜೂರು ಮಾಡಿ ಅಧಿಸೂಚಿಸುವಂತೆಯೂ, ಈಗಾಗಲೇ ಗುತ್ತಿಗೆಯ ಮೇಲಿರುವ ಅರ್ಹರನ್ನು ಪರಿಶೀಲನಾ ಸಮಿತಿಯ ಮೂಲಕ ಪರಿಗಣಿಸುವಂತೆಯೂ ರಾಜ್ಯಗಳಿಗೆ ನಿರ್ದೇಶನ ನೀಡಿತು.

ಸಾಮಾನ್ಯ ಶಾಲೆಯನ್ನು ಆಯ್ದುಕೊಂಡಲ್ಲಿ

ಕೆಂಗೇರಿಯಿಂದ ರಾಜಾಜಿನಗರಕ್ಕೆ ಸುಮಾರು 15 ಕಿ.ಮೀ. ದೂರ. ಬೆಳಗಿನ ವಾಹನದಟ್ಟಣೆಯಲ್ಲಿ ಇಷ್ಟು ದೂರ ಕ್ರಮಿಸಿದ ಮಗು ತರಗತಿಗೆ ಬರುವ ವೇಳೆಗೆ ದಣಿದಿರುತ್ತದೆ. ನೇರಳೆ ಮಾರ್ಗದ ಮೆಟ್ರೋ 2021ರಿಂದ ಕೆಂಗೇರಿಯವರೆಗೆ ಬಂದಿದ್ದು ವಿಜಯನಗರದ ಕಡೆಗೆ ಅನುಕೂಲವಾಗಿದೆ. ಹಸಿರು ಮಾರ್ಗದಲ್ಲಿರುವ ರಾಜಾಜಿನಗರಕ್ಕೆ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಬೇಕು. ಇಂತಹ ಸಂದರ್ಭದಲ್ಲಿ ಮನೆಯ ಸಮೀಪದ ಸರ್ಕಾರಿ ಶಾಲೆಯೂ ಪರಿಗಣಿಸತಕ್ಕ ಆಯ್ಕೆಯೇ.

ಸಾಮಾನ್ಯ ಶಾಲೆಗೆ ಸೇರಿದ ಮಗುವಿಗೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಬಿ.ಐ.ಇ.ಆರ್.ಟಿ. ಎಂಬ ವಿಶೇಷ ಸಂಪನ್ಮೂಲ ಶಿಕ್ಷಕರ ನೆರವು ದೊರೆಯುತ್ತದೆ. ಇವರು ಹಲವಾರು ಶಾಲೆಗಳನ್ನು ನೋಡಿಕೊಳ್ಳಬೇಕಾಗಿರುವುದರಿಂದ ಭೇಟಿಯ ದಿನಗಳನ್ನು ಮುಖ್ಯ ಶಿಕ್ಷಕರಿಂದ ತಿಳಿದುಕೊಳ್ಳಬೇಕು. ಸಮಗ್ರ ಶಿಕ್ಷಣ ಯೋಜನೆಯಡಿ ಸಾಧನ ಸಲಕರಣೆ, ಪ್ರಯಾಣ, ಬೆಂಗಾವಲು ಮುಂತಾದ ಬಾಬ್ತುಗಳಿಗೆ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂ. ವರೆಗೆ ಅವಕಾಶವಿದ್ದು, ಹೆಣ್ಣು ಮಕ್ಕಳಿಗೆ ತಿಂಗಳಿಗೆ 200 ರೂ. ನಂತೆ 10 ತಿಂಗಳು ಪ್ರೋತ್ಸಾಹಧನ ನೀಡಲಾಗುತ್ತದೆ. ಇದಕ್ಕಾಗಿ ಶಾಲೆಯ ದತ್ತಾಂಶದಲ್ಲಿ ಮಗುವನ್ನು ವಿಶೇಷ ಅಗತ್ಯವುಳ್ಳ ಮಗುವೆಂದು ನಮೂದಿಸಿರಬೇಕು. ಕೆಲವು ಪೋಷಕರು ಸಂಕೋಚದಿಂದ ಈ ವಿವರ ಬರೆಸುವುದಿಲ್ಲ. ಆಗ ಸಂಪನ್ಮೂಲ ಶಿಕ್ಷಕರಿಗೆ ಆ ಮಗು ಇರುವುದೇ ತಿಳಿಯುವುದಿಲ್ಲ.

ದಾಖಲಾತಿ ನಿರಾಕರಿಸಿದಲ್ಲಿ

ಶಾಲೆಯು ಅರ್ಜಿಯನ್ನು ತಿರಸ್ಕರಿಸಿದಲ್ಲಿ ಕಾರಣವನ್ನು ಲಿಖಿತವಾಗಿ ಕೋರಬೇಕು. ಸಾಮಾನ್ಯ ಶಾಲೆಯ ವಿಷಯದಲ್ಲಿ ಆಯಾ ವಲಯದ ಕ್ಷೇತ್ರ ಶಿಕ್ಷಣಾಧಿಕಾರಿಗೆ ದೂರು ಸಲ್ಲಿಸತಕ್ಕದ್ದು. ರಾಜಾಜಿನಗರವು ಬೆಂಗಳೂರು ಉತ್ತರ ಶೈಕ್ಷಣಿಕ ಜಿಲ್ಲೆಗೂ ಕೆಂಗೇರಿಯು ದಕ್ಷಿಣ ಶೈಕ್ಷಣಿಕ ಜಿಲ್ಲೆಗೂ ಸೇರುವುದರಿಂದ ತಮ್ಮ ಶಾಲೆ ಯಾವ ವಲಯಕ್ಕೆ ಬರುತ್ತದೆಂದು ಮೊದಲು ಕೇಳಿಕೊಳ್ಳುವುದು ಸೂಕ್ತ. ಅನುದಾನಿತ ವಿಶೇಷ ಶಾಲೆಯ ದಾಖಲಾತಿ ಅಥವಾ ಶಿಕ್ಷಕರ ಕೊರತೆಯ ವಿಷಯದಲ್ಲಿ ಬೆಂಗಳೂರು ನಗರ ಜಿಲ್ಲೆಯ ವಿಕಲಚೇತನರ ಕಲ್ಯಾಣಾಧಿಕಾರಿಗೆ ಬರೆಯಬೇಕು. ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ 2016ರ ಅಧಿನಿಯಮದಡಿ ನೇಮಕವಾದ ರಾಜ್ಯ ಆಯುಕ್ತರಿಗೆ ದೂರು ನೀಡಬಹುದು. ದೂರಿನೊಂದಿಗೆ ಯು.ಡಿ.ಐ.ಡಿ. ಚೀಟಿಯ ಪ್ರತಿ, ಶಾಲೆಗೆ ಸಲ್ಲಿಸಿದ ಅರ್ಜಿಯ ಪ್ರತಿ ಹಾಗೂ ಅದನ್ನು ಸಲ್ಲಿಸಿದ ದಿನಾಂಕವನ್ನು ತೋರಿಸುವ ಸ್ವೀಕೃತಿಯನ್ನು ಲಗತ್ತಿಸಬೇಕು. ಬಾಯಿಮಾತಿನಲ್ಲಿ ಕೇಳಿ ಹಿಂದಿರುಗಿದ್ದಲ್ಲಿ ಮತ್ತೊಮ್ಮೆ ಶಾಲೆಗೆ ಹೋಗಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆದು ಅನಂತರ ದೂರು ಸಲ್ಲಿಸುವುದು.