ಟಿವಿ ಮುಂದೆ ಕೈಬೀಸಿದರೆ ವ್ಯಾಯಾಮವಾಯಿತೇ?

ಮಕ್ಕಳು ವಿಡಿಯೋ ಗೇಮ್ ಬೇಕೆಂದು ಹಠ ಹಿಡಿದಾಗ ತಂದೆತಾಯಿಗೆ ಮೊದಲು ಕಾಡುವ ಆತಂಕ ಒಂದೇ: ಕುಳಿತಲ್ಲೇ ಕುಳಿತು ಮೈ ಬೆಳೆಯುತ್ತದಲ್ಲ! ಇದಕ್ಕೆ ಮಾರುವವರ ಬಳಿ ಸಿದ್ಧ ಉತ್ತರವಿದೆ. ‘ಇದು ಕುಳಿತು ಆಡುವ ಆಟವಲ್ಲ. ನಿಂತು, ಕೈಬೀಸಿ, ಬೆವರು ಸುರಿಸಿ ಆಡುವ ಆಟ. ಮಗು ಮನೆಯಲ್ಲೇ ಇದ್ದಂತಾಯಿತು, ವ್ಯಾಯಾಮವೂ ಆಯಿತು.’

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಖಾಲಿ ಸೈಟುಗಳು ಮನೆಗಳಾಗಿವೆ, ಮನೆ ಮುಂದಿನ ರಸ್ತೆಯಲ್ಲಿ ವಾಹನಗಳು ನಿಂತಿವೆ. ಹೆಣ್ಣುಮಕ್ಕಳು ಹತ್ತು-ಹನ್ನೆರಡು ವರ್ಷ ದಾಟಿದ ಮೇಲೆ ಹೊರಗೆ ಆಡುವುದೇ ನಿಂತುಹೋಗುವ ಮನೆಗಳೂ ನಮ್ಮಲ್ಲಿವೆ. ಇಂಥ ಕಡೆ ಈ ಮಾತು ಕೇಳಲು ಬಹಳ ಹಿತವಾಗಿರುತ್ತದೆ. ಆದರೆ ಹಣ ಕೊಡುವ ಮುನ್ನ ಅದರಲ್ಲಿ ಎಷ್ಟು ನಿಜವಿದೆ ಎಂದು ತಿಳಿಯುವುದು ಒಳ್ಳೆಯದು.

ಮೂರು ಕಂಪೆನಿಗಳ ಪೈಪೋಟಿ

ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರಗಳ ಮಾರುಕಟ್ಟೆಯಲ್ಲಿ ಮೂರು ದೊಡ್ಡ ಹೆಸರುಗಳಿವೆ: ಜಪಾನಿನ ನಿಂಟೆಂಡೊ ಮತ್ತು ಸೋನಿ, ಅಮೆರಿಕದ ಮೈಕ್ರೋಸಾಫ್ಟ್. ಸೋನಿ ಮತ್ತು ಮೈಕ್ರೋಸಾಫ್ಟ್ ಹೆಚ್ಚು ಶಕ್ತಿಯ ಯಂತ್ರ, ಹೆಚ್ಚು ಸ್ಪಷ್ಟ ಚಿತ್ರಗಳ ಹಿಂದೆ ಬಿದ್ದಿದ್ದಾಗ ನಿಂಟೆಂಡೊ ಬೇರೆ ದಾರಿ ಹಿಡಿಯಿತು. 2006ರ ನವೆಂಬರ್‌ನಲ್ಲಿ ಅದು ತಂದ ‘ವೀ’ ಎಂಬ ಯಂತ್ರದ ಕಂಟ್ರೋಲರ್ ಟಿವಿ ರಿಮೋಟ್‌ನಂತಿತ್ತು. ಅದನ್ನು ಕೈಯಲ್ಲಿ ಹಿಡಿದು ಬೀಸಿದರೆ ಪರದೆಯ ಮೇಲಿನ ಟೆನಿಸ್ ಬ್ಯಾಟ್ ಬೀಸುತ್ತಿತ್ತು. ಗುಂಡಿಗಳನ್ನು ಕಲಿಯುವ ತಾಪತ್ರಯವಿಲ್ಲದ ಕಾರಣ ಅಜ್ಜ-ಅಜ್ಜಿಯರೂ ಆಡಿದರು. ಹತ್ತು ಕೋಟಿಗೂ ಹೆಚ್ಚು ವೀ ಯಂತ್ರಗಳು ಮಾರಾಟವಾದವು.

ಎದುರಾಳಿಗಳು ಸುಮ್ಮನಿರಲಿಲ್ಲ. 2010ರ ಸೆಪ್ಟೆಂಬರ್‌ನಲ್ಲಿ ಸೋನಿ ‘ಪ್ಲೇಸ್ಟೇಷನ್ ಮೂವ್’ ತಂದಿತು. ಅದೇ ವರ್ಷದ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್‌ನ ‘ಕಿನೆಕ್ಟ್’ ಬಂತು. ಅದೇ ತಿಂಗಳು ಭಾರತದ ಅಂಗಡಿಗಳನ್ನೂ ತಲುಪಿತು. ಇದರಲ್ಲಿ ಕೈಯಲ್ಲಿ ಹಿಡಿಯಲು ಏನೂ ಇಲ್ಲ, ಆಡುವವನ ಮೈಯೇ ಕಂಟ್ರೋಲರ್. ಮೊದಲ 60 ದಿನಗಳಲ್ಲೇ 80 ಲಕ್ಷ ಕಿನೆಕ್ಟ್‌ಗಳು ಖರ್ಚಾದವು. 2017ರಲ್ಲಿ ಅದರ ತಯಾರಿಕೆ ನಿಂತಿತು. ಇಂದು ನಿಂಟೆಂಡೊದ ‘ಸ್ವಿಚ್’ ಹಾಗೂ ಕಣ್ಣಿಗೆ ತೊಡುವ ವಿಆರ್ ಸಾಧನಗಳು ಇದೇ ಬಗೆಯ ಆಟವನ್ನು ಮುಂದುವರಿಸಿವೆ.

ನಮ್ಮ ಚಲನೆ ಯಂತ್ರಕ್ಕೆ ತಿಳಿಯುವುದು ಹೇಗೆ?

ವೀ ಕಂಟ್ರೋಲರ್‌ನೊಳಗೆ ಆಕ್ಸೆಲೆರೋಮೀಟರ್ ಎಂಬ ಪುಟ್ಟ ಚಿಪ್ ಇದೆ. ಅದರೊಳಗೆ ಕೂದಲಿಗಿಂತ ಸಣ್ಣ ಸ್ಪ್ರಿಂಗ್‌ಗಳಲ್ಲಿ ತೂಗುವ ಸೂಕ್ಷ್ಮ ಭಾಗವೊಂದಿದೆ. ಕೈ ಬೀಸಿದಾಗ, ಬಸ್ ಬ್ರೇಕ್ ಹಾಕಿದಾಗ ನಾವು ಮುಗ್ಗರಿಸುವಂತೆ, ಅದು ಅತ್ತಿತ್ತ ಸರಿಯುತ್ತದೆ. ಆ ಸರಿಯುವಿಕೆಯನ್ನು ವಿದ್ಯುತ್ ಸಂಕೇತವಾಗಿ ಯಂತ್ರ ಓದಿಕೊಳ್ಳುತ್ತದೆ. ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡ ತಿರುಗುವುದು ಇಂಥದೇ ಚಿಪ್‌ನಿಂದ.

ಸೋನಿ ಮೂವ್‌ನ ತುದಿಯಲ್ಲಿ ಬಣ್ಣದ ಬೆಳಕಿನ ಗೋಲಿಯಿದೆ. ಟಿವಿ ಬಳಿಯ ಕ್ಯಾಮೆರಾ ಆ ಗೋಲಿ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರಿಂದ ಕೈ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಕಿನೆಕ್ಟ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಚುಕ್ಕಿಗಳನ್ನು ಕೋಣೆಯ ತುಂಬ ಚೆಲ್ಲುತ್ತದೆ. ಚುಕ್ಕಿಗಳು ಎಲ್ಲಿ ಎಷ್ಟು ಸರಿದಿವೆ ಎಂದು ನೋಡಿ ಆಡುವವರ ತಲೆ, ಭುಜ, ಮೊಣಕೈ, ಮೊಣಕಾಲು ಗುರುತಿಸುತ್ತದೆ.

ಈ ವ್ಯತ್ಯಾಸ ಆರೋಗ್ಯದ ದೃಷ್ಟಿಯಿಂದ ಮುಖ್ಯ. ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ಗೆ ಗೊತ್ತಾಗುವುದು ಕೈಯ ಚಲನೆ ಮಾತ್ರ. ಸೋಫಾದಲ್ಲಿ ಒರಗಿಕೊಂಡು ಮಣಿಕಟ್ಟನ್ನಷ್ಟೇ ಒದರಿದರೂ ಎಷ್ಟೋ ಆಟಗಳಲ್ಲಿ ಚೆಂಡು ಹೊಡೆದಂತಾಗುತ್ತದೆ. ಮಕ್ಕಳು ಈ ಉಪಾಯವನ್ನು ಬೇಗ ಕಲಿಯುತ್ತಾರೆ. ಆಗ ನಿಂತು ಆಡುವ ಆಟ ಮತ್ತೆ ಕುಳಿತು ಆಡುವ ಆಟವೇ ಆಗುತ್ತದೆ.

ಸಂಶೋಧನೆ ಏನು ಹೇಳಿತು?

2007ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನ ಸಂಶೋಧಕರು 13ರಿಂದ 15 ವರ್ಷದ 11 ಮಕ್ಕಳಿಂದ ವೀ ಆಟಗಳನ್ನು ಆಡಿಸಿ ಅಳೆದರು. ಕುಳಿತು ಆಡುವ ಆಟಕ್ಕಿಂತ ಕನಿಷ್ಠ ಶೇ. 51ರಷ್ಟು ಹೆಚ್ಚು ಶಕ್ತಿ ಖರ್ಚಾಗಿತ್ತು. ಆದರೆ ನಿಜವಾದ ಟೆನಿಸ್, ಬಾಕ್ಸಿಂಗ್ ಆಡಿದಾಗ ಖರ್ಚಾಗುವಷ್ಟು ಅಲ್ಲ. ಇಡೀ ವಾರದ ಲೆಕ್ಕ ಹಾಕಿದರೆ ಹೆಚ್ಚುವರಿ ಖರ್ಚು ಶೇ. 2ಕ್ಕಿಂತಲೂ ಕಡಿಮೆ.

ಅಮೆರಿಕದ ಹ್ಯೂಸ್ಟನ್‌ನ ಸಂಶೋಧಕರು 2012ರಲ್ಲಿ ಇನ್ನೊಂದು ಪ್ರಶ್ನೆ ಕೇಳಿದರು: ಇಂಥ ಯಂತ್ರವನ್ನು ಮನೆಗೆ ಕೊಟ್ಟರೆ ಮಗು ಹೆಚ್ಚು ಓಡಾಡುತ್ತದೆಯೇ? 9ರಿಂದ 12 ವರ್ಷದ 78 ಮಕ್ಕಳಿಗೆ ವೀ ಕೊಟ್ಟರು. ಕೆಲವರಿಗೆ ಮೈ ಆಡಿಸುವ ಆಟಗಳು, ಉಳಿದವರಿಗೆ ಕುಳಿತು ಆಡುವ ಆಟಗಳು. 13 ವಾರಗಳ ಅಳತೆಯಲ್ಲಿ ಎರಡು ಗುಂಪಿನ ಓಡಾಟದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಮಕ್ಕಳು ಜೋರಾಗಿ ಆಡದೇ ಇದ್ದಿರಬಹುದು, ಇಲ್ಲವೇ ಆಡಿದ ದಣಿವಿಗೆ ಉಳಿದ ಹೊತ್ತು ಸುಮ್ಮನೆ ಕುಳಿತಿರಬಹುದು.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ 60 ನಿಮಿಷಕ್ಕೆ ಚಲನೆಯ ಗೇಮ್ ಒಂದಿಷ್ಟು ಸೇರಿಸಬಹುದೇ ಹೊರತು ಅದರ ಜಾಗವನ್ನು ತುಂಬಲಾರದು.

ಪಾರ್ಶ್ವವಾಯು ಆದವರ ಕೈಗೆ ಇದು ಒಳ್ಳೆಯದೆಂಬ ಮಾತನ್ನೂ ನೀವು ಕೇಳಿರಬಹುದು. ಕೆನಡಾದ ವೈದ್ಯರ ನೇತೃತ್ವದಲ್ಲಿ 141 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವೀ ಆಡಿದವರ ಕೈ ಸುಧಾರಿಸಿತು. ಇಸ್ಪೀಟು, ಡೊಮಿನೊದಂಥ ಸಾದಾ ಆಟ ಆಡಿದವರ ಕೈಯೂ ಅಷ್ಟೇ ಸುಧಾರಿಸಿತು. ಹಾಗಾಗಿ ಮನೆಯ ಹಿರಿಯರಿಗಾಗಿ ಸಾಲ ಮಾಡಿ ಯಂತ್ರ ತರಬೇಕಿಲ್ಲ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮವನ್ನು ತಪ್ಪದೆ ಮಾಡಿಸಿದರೆ ಸಾಕು.

ನೋವು, ಪೆಟ್ಟು ಮತ್ತು ನಮ್ಮ ಹಾಲ್‌ನ ಅಳತೆ

2007ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ 29 ವರ್ಷದ ಯುವ ವೈದ್ಯರೊಬ್ಬರ ಭುಜನೋವಿನ ವರದಿ ಬಂತು. ಗಂಟೆಗಟ್ಟಲೆ ವೀ ಟೆನಿಸ್ ಆಡಿ ಭುಜದ ಸ್ನಾಯುರಜ್ಜು ಊದಿಕೊಂಡಿತ್ತು. ನಿಜವಾದ ಬ್ಯಾಟ್‌ಗೆ ತೂಕವಿದೆ, ಚೆಂಡಿನ ಹಿಂದೆ ಓಡಿ ದಣಿವಾಗುತ್ತದೆ, ಹಾಗಾಗಿ ಮೈಯೇ ‘ಸಾಕು’ ಎನ್ನುತ್ತದೆ. ಹಗುರ ಕಂಟ್ರೋಲರ್‌ನಲ್ಲಿ ಆ ಎಚ್ಚರಿಕೆ ತಡವಾಗಿ ಬರುತ್ತದೆ. ಆಡುವ ಮೊದಲು ಐದು ನಿಮಿಷ ಕೈಕಾಲು ಸಡಿಲಿಸಬೇಕು, ಅರ್ಧ ಗಂಟೆಗೊಮ್ಮೆ ನಿಲ್ಲಿಸಬೇಕು.

ಕಂಟ್ರೋಲರ್ ಕೈ ಜಾರಿ ಟಿವಿಗೆ ಬಡಿದ ದೂರುಗಳ ನಂತರ ನಿಂಟೆಂಡೊ 2006ರ ಡಿಸೆಂಬರ್‌ನಲ್ಲಿ ಸುಮಾರು 32 ಲಕ್ಷ ಮಣಿಕಟ್ಟಿನ ಪಟ್ಟಿಗಳನ್ನು ಬದಲಿಸಿಕೊಡಲು ಮುಂದಾಯಿತು. ಪಟ್ಟಿ ಹಾಕದೆ ಆಡಲು ಬಿಡಬೇಡಿ.

ಜಾಗದ ಪ್ರಶ್ನೆಯೂ ಇದೆ. ಕಿನೆಕ್ಟ್ ಎದುರು ಒಬ್ಬರು ಆಡಲು ಆರು ಅಡಿ, ಇಬ್ಬರಿಗೆ ಎಂಟು ಅಡಿ ದೂರ ನಿಲ್ಲಬೇಕು. 20×30 ಸೈಟಿನ ಮನೆಯ ಹಾಲ್‌ನಲ್ಲಿ ದಿವಾನ, ಟೀಪಾಯಿ, ಶೋಕೇಸ್ ಕಳೆದರೆ ಎಷ್ಟು ಉಳಿಯುತ್ತದೆ? ಕೊಳ್ಳುವ ಮುನ್ನ ಟೇಪ್ ಹಿಡಿದು ಅಳೆಯಿರಿ. ಕೈ ಚಾಚಿ ಸುತ್ತು ತಿರುಗಿದರೆ ಗಾಜು, ಗೋಡೆ, ನೆಲದ ಮೇಲಿನ ಕೂಸು ಯಾವುದೂ ತಾಗಬಾರದು. ಕೆಳಗಿನ ಮನೆಯವರಿಗೆ ನೆಗೆತದ ಸದ್ದು ಕೇಳಿಸುತ್ತದೆ ಎಂಬುದೂ ನೆನಪಿರಲಿ.

ಮನೆಯೊಳಗಿನ ಕ್ಯಾಮೆರಾ

ಕಿನೆಕ್ಟ್, ಮೂವ್ ಎರಡೂ ಕ್ಯಾಮೆರಾ ಇಲ್ಲದೆ ನಡೆಯುವುದಿಲ್ಲ. ಮನೆಯ ಹೆಂಗಸರು ಸಹಜವಾಗಿ ಓಡಾಡುವ ಜಾಗವದು. 2013ರಲ್ಲಿ ಮೈಕ್ರೋಸಾಫ್ಟ್ ತನ್ನ ಹೊಸ ಯಂತ್ರಕ್ಕೆ ಕಿನೆಕ್ಟ್ ಸದಾ ಜೋಡಿಸಿರಲೇಬೇಕು ಎಂದಿತ್ತು. ಜನರ ಆಕ್ಷೇಪ ಜೋರಾದ ಮೇಲೆ ಅದೇ ವರ್ಷ ಆ ನಿಯಮ ಕೈಬಿಟ್ಟಿತು. ಸೆಕೆಂಡ್ ಹ್ಯಾಂಡ್ ಯಂತ್ರ ತಂದರೂ ಆಟ ಮುಗಿದೊಡನೆ ಕ್ಯಾಮೆರಾದ ವೈರ್ ತೆಗೆಯಿರಿ ಅಥವಾ ಬಟ್ಟೆ ಮುಚ್ಚಿ. ಹಳೆಯ ಮಾಲೀಕರ ಖಾತೆಯನ್ನು ಅಳಿಸಿ ಹೊಸದಾಗಿ ಶುರುಮಾಡಿ.

ಶುಚಿತ್ವ ಮತ್ತು ಸಮಯ

ಹಲವರ ಕೈ ಬೆವರು ಒಂದೇ ಕಂಟ್ರೋಲರ್ ಮೇಲೆ ಕೂರುತ್ತದೆ. ಆಟದ ನಡುವೆ ತಿಂಡಿ ಬೇಡ, ಆಟದ ನಂತರ ಸೋಪಿನಿಂದ ಕೈ ತೊಳೆಯಲಿ. ಯಂತ್ರ ಆರಿಸಿ, ಸೆಲ್ ತೆಗೆದು, ತುಸು ಒದ್ದೆ ಮಾಡಿದ ಮೆತ್ತನೆ ಬಟ್ಟೆಯಿಂದ ಒರೆಸಿ. ನೇರವಾಗಿ ನೀರು ಚಿಮುಕಿಸಬೇಡಿ. ಮಾಲ್‌ಗಳಲ್ಲಿ ಬಾಡಿಗೆಗೆ ಸಿಗುವ ವಿಆರ್ ಸಾಧನ ಮುಖಕ್ಕೆ ಅಂಟಿಕೊಳ್ಳುತ್ತದೆ. ಒರೆಸದೆ ಕೊಟ್ಟರೆ ತೊಡಿಸಬೇಡಿ. ಊರಲ್ಲಿ ಮದ್ರಾಸ್ ಐ ಹರಡಿದ್ದರೆ ಆ ಕಡೆ ಹೋಗಲೇಬೇಡಿ. ಸೋನಿಯ ವಿಆರ್ ಸಾಧನ 12 ವರ್ಷದೊಳಗಿನವರಿಗಲ್ಲ ಎಂದು ಕಂಪೆನಿಯೇ ಹೇಳಿದೆ.

ಇಶಾ ನಂತರ ಶುರುವಾದ ಆಟ ಮಧ್ಯರಾತ್ರಿ ದಾಟಿದರೆ ಫಜ್ರ್‌ಗೆ ಏಳುವುದೂ ಕಷ್ಟ, ಶಾಲೆಯಲ್ಲಿ ಕಣ್ಣು ಬಿಡುವುದೂ ಕಷ್ಟ. ಆಡುವ ಹೊತ್ತನ್ನು ಮೊದಲೇ ನಿಗದಿ ಮಾಡಿ, ಮಲಗುವ ಒಂದು ಗಂಟೆ ಮುಂಚೆ ನಿಲ್ಲಿಸಿ. ನಿಲ್ಲಿಸಲು ಹೇಳಿದಾಗಲೆಲ್ಲ ರಂಪ, ಊಟ ನಿದ್ದೆ ಓದಿಗಿಂತ ಆಟವೇ ಮುಖ್ಯವಾಗಿ ತಿಂಗಳುಗಟ್ಟಲೆ ಸಾಗಿದರೆ ಬೈಯುತ್ತಾ ಕೂರಬೇಡಿ. ಇಂಥವರಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ‘ಶಟ್’ ಎಂಬ ಕ್ಲಿನಿಕ್ ನಡೆಸುತ್ತಿದೆ.

ಮನೆಯಲ್ಲಿ ಈಗಾಗಲೇ ಇಂಥ ಯಂತ್ರ ಇದ್ದರೆ ಇರಲಿ. ನಿಂತು ಆಡಬೇಕು, ಅಮ್ಮ-ಅಪ್ಪನೂ ಜೊತೆಗೂಡಬೇಕು ಎಂಬ ನಿಯಮ ಹಾಕಿ. ಇನ್ನೂ ಕೊಂಡಿಲ್ಲವಾದರೆ ಮೊದಲು ಒಂದು ಸ್ಕಿಪ್ಪಿಂಗ್ ಹಗ್ಗ ತನ್ನಿ. ಟೆರೇಸ್‌ನ ಮರೆಯಲ್ಲಿ ತಾಯಿ-ಮಗಳು ಇಬ್ಬರೂ ಆಡಬಹುದು. ಕೆಂಗೇರಿ ಕಡೆಯವರಿಗೆ ಜ್ಞಾನಭಾರತಿಯ ಮರಗಳ ನೆರಳಿದೆ, ಉಳಿದವರಿಗೆ ಬಡಾವಣೆಯ ಪಾರ್ಕ್ ಇದೆ. ಭಾನುವಾರ ಬೆಳಿಗ್ಗೆ ಫಜ್ರ್ ಮುಗಿಸಿ ಮನೆಮಂದಿಯೆಲ್ಲ ಒಂದು ಗಂಟೆ ಬಿರುಸಾಗಿ ನಡೆದು ಬನ್ನಿ. ಆ ಒಂದು ದಿನದ ಲೆಕ್ಕವಾದರೂ ಪೂರ್ತಿಯಾಗುತ್ತದೆ.